ರೋಬೋ ಕಾರ್ಖಾನೆಗೆ ಜನ ಬೇಕಾಗಿದ್ದ ವರ್ಷ

ನಮ್ಮ ಕಾರ್ಖಾನೆಯ ಮೂರನೇ ಶೆಡ್ಡಿನ ನೆಲಕ್ಕೆ ಈಗ ಬಣ್ಣ ಬಳಿಯುತ್ತಿದ್ದಾರೆ. ಮೊನ್ನೆ ಊಟದ ಹೊತ್ತಿಗೆ ಕ್ಯಾಂಟೀನಿನ ಬಾಗಿಲು ತಳ್ಳಿದಾಗ ಸಾರಿನ ಘಮಕ್ಕಿಂತ ಮೊದಲು ಆ ಬಣ್ಣದ ವಾಸನೆಯೇ ಮೂಗಿಗೆ ಬಡಿಯಿತು. ಇತ್ತ ಸೀಮೆಎಣ್ಣೆಯದೂ ಅಲ್ಲದ, ಅತ್ತ ಉಗುರುಬಣ್ಣದ್ದೂ ಅಲ್ಲದ, ಸ್ವಲ್ಪ ತಲೆ ತಿರುಗಿಸುವ ವಾಸನೆ. ಹೊಸದಾಗಿ ಸೇರಿದ ಹುಡುಗಿಯರು ವೇಲಿನಿಂದ ಮೂಗು ಮುಚ್ಚಿಕೊಂಡು ಓಡಿದರು. ನಾನು ಮಾತ್ರ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ಎರಡನೇ ಶೆಡ್ಡು ಏಳುತ್ತಿದ್ದ ವರ್ಷ ಈ ವಾಸನೆ ನನ್ನ ಕೂದಲಿಗೆ ಅಂಟಿಕೊಂಡು ಮನೆಗೂ ಬರುತ್ತಿತ್ತು. ತಲೆ ತೊಳೆದರೂ ಹೋಗುತ್ತಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ನಾವು ಕೊಪ್ಪಳದ ಕಡೆಯವರು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆಂದು ಬಂದು ಹೆಬ್ಬಗೋಡಿಯಲ್ಲಿ ಕೋಣೆ ಹಿಡಿದಾಗ ನಾನು ಹೈಸ್ಕೂಲಿಗೆ ಹೋಗುವ ಹುಡುಗಿ, ತಂಗಿ ಸಾವಿತ್ರಿ, ನಮ್ಮೆಲ್ಲರ ಸವಿ, ಇನ್ನೂ ಅವ್ವನ ಸೊಂಟದ ಮೇಲಿದ್ದಳು. ಬಂದ ಮರುವರ್ಷವೇ ಅವಳಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ನನ್ನ ಮದುವೆ ಆಗಿತ್ತು, ನಿಲ್ಲಲಿಲ್ಲ. ಅದು ಬೇರೆಯೇ ಕಥೆ. ಬೊಮ್ಮಸಂದ್ರದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಶರ್ಟುಗಳಿಗೆ ಕಾಲರ್ ಕೂರಿಸುತ್ತಿದ್ದೆ.

ಸವಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಓದಿ, ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿದ್ದಳು. ಶಾಲೆಯಲ್ಲಿ ಕಲಿತ ಕೈಭಾಷೆ ಒಂದು, ನಾವು ಮನೆಯಲ್ಲಿ ಕಟ್ಟಿಕೊಂಡದ್ದು ಇನ್ನೊಂದು. ಮೂಗುಬೊಟ್ಟಿನ ಜಾಗ ಮುಟ್ಟಿಕೊಂಡರೆ ಅವ್ವ, ಜಡೆ ಎಳೆದಂತೆ ಮಾಡಿದರೆ ನಾನು. ಬ್ಯಾಂಕಿಗೆ, ಆಸ್ಪತ್ರೆಗೆ, ರೇಷನ್ ಅಂಗಡಿಗೆ ಎಲ್ಲಿಗೆ ಹೋದರೂ ಜೊತೆಗೆ ನಾನಿರಬೇಕು. ಕಂಡಕ್ಟರ್ ಅವಳನ್ನು ಎಲ್ಲಿಗೆ ಅಂತ ಕೇಳಿದರೆ ಅವಳು ಕೈ ಎತ್ತುವ ಮೊದಲೇ ನಾನು ಉತ್ತರ ಕೊಟ್ಟಾಗಿರುತ್ತಿತ್ತು. ಸಿಟ್ಟು ಬಂದರೆ ಅವಳು ಕೂಗುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಅವಳು ಕಣ್ಣು ಮುಚ್ಚಿದಳೆಂದರೆ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ. ಈ ಕಡೆಯಿಂದ ಯಾರು ಏನು ಹೇಳಿದರೂ ಒಳಗೆ ಹೋಗುವುದಿಲ್ಲ.

ಆ ವರ್ಷ ಯುಗಾದಿ ಆದ ಮೇಲೆ ನಮ್ಮ ಗಾರ್ಮೆಂಟ್ಸ್ ಮುಚ್ಚಿತು. ಆರ್ಡರ್ ಇಲ್ಲ ಅಂದರು. ಮೆಷಿನ್ನುಗಳನ್ನು ಲಾರಿಗೆ ಏರಿಸುವುದನ್ನು ನಾವೆಲ್ಲ ರಸ್ತೆಯ ಆಚೆ ನಿಂತು ನೋಡಿದೆವು. ಸವಿ ಆಗ ಊದುಬತ್ತಿ ಪ್ಯಾಕ್ ಮಾಡುವ ಒಂದು ಕಡೆ ಇದ್ದಳು. ಐಟಿಐ ಮುಗಿಸಿದ ಮೇಲೆ ಎಷ್ಟೋ ಫ್ಯಾಕ್ಟರಿಗಳ ಗೇಟು ನೋಡಿದ್ದೆವು. ಎಲ್ಲ ಕಡೆಯೂ ಅವಳ ಮಾರ್ಕ್ಸ್ ಕಾರ್ಡು ನೋಡಿ ಹುಬ್ಬೇರಿಸಿ, ಆಮೇಲೆ ಕಿವಿಯ ವಿಷಯ ತಿಳಿದು, ಪಾಪ ಅನ್ನುವ ನಗು ನಕ್ಕು ಕಳಿಸುತ್ತಿದ್ದರು. ಬೈದು ಕಳಿಸಿದ್ದರೂ ಇಷ್ಟು ನೋವಾಗುತ್ತಿರಲಿಲ್ಲವೇನೋ.

ಜಿಗಣಿಯ ರೋಬೋ ಕಾರ್ಖಾನೆಯ ಸುದ್ದಿ ತಂದವರು ನಮ್ಮ ಮನೆ ಓನರ್ ಮುನಿಯಮ್ಮ. ಅವರ ತವರಿನವರ ಹೊಲ ಒಂದು ಕಾಲಕ್ಕೆ ಆ ಕಡೆಗಿತ್ತು. ಈಗ ಅಲ್ಲೆಲ್ಲ ಕಾಂಪೌಂಡು ಗೋಡೆಗಳು. ಒಂದು ಸಂಜೆ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಾಗ ಅವರು ಹೇಳಿದರು.

"ನಮ್ ರಾಗಿ ಒಲದ ಪಕ್ಕದಾಗೆ ಆ ರೋಬೋ ಫ್ಯಾಕ್ಟ್ರಿ ಐತಲ್ಲ, ಅದು ಇನ್ನೂ ದೊಡ್ಡದಾಯ್ತದಂತೆ. ಸ್ಯಾನೆ ಜನ ಬೇಕಂತೆ ಕಣಮ್ಮ. ಇಬ್ರೂ ಓಗ್ ನೋಡಿ."

ಅವ್ವನಿಗೆ ಇದು ತಮಾಷೆಯಾಗಿ ಕಂಡಿತು. ಯಂತ್ರ ಬಂದು ಮಂದಿಯ ಕೆಲಸ ಕಸಿದುಕೊಳ್ಳುತ್ತದೆ ಅಂತ ಊರೆಲ್ಲ ಹೇಳುತ್ತಿರುವಾಗ ಅದನ್ನು ಮಾಡಲಿಕ್ಕೇ ಮಂದಿ ಬೇಕಂತೇನು ಎಂದು ನಕ್ಕಳು. ನಮ್ಮ ಬೀದಿಯ ಹೆಂಗಸರಿಗೂ ಅದೇ ಅನುಮಾನ. ಗಾರ್ಮೆಂಟ್ಸ್ ಮುಚ್ಚಿದ್ದೂ ಯಾವುದೋ ಯಂತ್ರದಿಂದಲೇ ಅಂತ ಅವರು ನಂಬಿದ್ದರು. ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು. ಆದರೆ ಅನುಮಾನ ಇಟ್ಟುಕೊಂಡು ಮನೆಯಲ್ಲಿ ಕೂತರೆ ಒಲೆ ಹತ್ತುವುದಿಲ್ಲವಲ್ಲ. ಮುಂಗಾರು ಶುರುವಾಗಿ ಸಣ್ಣಗೆ ಜಿನುಗುತ್ತಿದ್ದ ಒಂದು ಬೆಳಿಗ್ಗೆ ಇಬ್ಬರೂ ಒಂದೇ ಕೊಡೆಯಲ್ಲಿ ಹೊರಟೆವು.

ಗೇಟಿನ ಮುಂದೆ ಸಾಲು ರಸ್ತೆಯವರೆಗೂ ಬಂದಿತ್ತು. ನಮ್ಮ ಹಳೆಯ ಗಾರ್ಮೆಂಟ್ಸಿನವರೇ ಬಹಳ ಜನ ಇದ್ದರು. ರಾಯಚೂರು, ಯಾದಗಿರಿ ಕಡೆಯ ಐಟಿಐ ಹುಡುಗರು, ಆನೇಕಲ್ಲಿನ ಹುಡುಗಿಯರು, ತಲೆ ನರೆತ ಒಂದಿಬ್ಬರು ಫಿಟ್ಟರ್‌ಗಳೂ ಇದ್ದರು. ಕಾಂಪೌಂಡಿನ ಒಳಗೆ ಎರಡನೇ ಶೆಡ್ಡಿನ ಕಬ್ಬಿಣದ ಕಂಬಗಳು ಬರೀ ಅಸ್ಥಿಪಂಜರದ ಹಾಗೆ ನಿಂತಿದ್ದವು. ಅದರ ತುದಿಯಲ್ಲಿ ಜನ ತಗಡು ಹೊದಿಸುತ್ತಿದ್ದರು. ಸವಿ ತಲೆ ಎತ್ತಿ ಅದನ್ನೇ ನೋಡುತ್ತಿದ್ದಳು.

ಒಳಗೆ ವಿದ್ಯಾ ಮೇಡಂ ಎಂಬ ಎಚ್‌ಆರ್‌ನವರು ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿ ಮಾತಾಡಿಸಿದರು. ಸವಿಗೆ ಕೇಳಿದ ಪ್ರಶ್ನೆಗಳಿಗೆ ಅಭ್ಯಾಸಬಲದಿಂದ ನಾನೇ ಉತ್ತರ ಕೊಡುತ್ತಾ ಹೋದೆ. ಮೇಡಂ ನನ್ನ ಕಡೆ ಕೈ ಎತ್ತಿ ತಡೆದು, ಪ್ರಶ್ನೆಗಳನ್ನು ಬರೆದು ಅವಳ ಮುಂದೆ ಇಟ್ಟರು. ಆಮೇಲೆ ಒಂದು ನಕ್ಷೆ, ಒಂದಿಷ್ಟು ತಂತಿ, ಸಣ್ಣ ಕನೆಕ್ಟರುಗಳನ್ನು ಕೊಟ್ಟು ಜೋಡಿಸಲು ಹೇಳಿದರು. ಸವಿ ನಕ್ಷೆಯನ್ನು ಒಮ್ಮೆ ತಿರುಗಿಸಿ ನೋಡಿ ಕೆಲಸ ಶುರು ಮಾಡಿದಳು. ಮುಗಿಸಿದ್ದನ್ನು ಮೇಡಂ ಮೀಟರ್ ಹಿಡಿದು ನೋಡಿ ತಲೆಯಾಡಿಸಿದರು. ಇನ್ನೇನು ಆಯಿತು ಅಂದುಕೊಂಡೆ. ಆಗ ಪಕ್ಕದ ಕುರ್ಚಿಯಲ್ಲಿ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಸತೀಶ್ ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕಾರ್ಖಾನೆಯ ಸೇಫ್ಟಿ ನೋಡಿಕೊಳ್ಳುವವರು.

"ಇಲ್ಲಿ ಸೈರನ್ ಹೊಡೆದ ಮೇಲೆ ರೋಬೋದ ತೋಳು ಮೂವ್ ಆಗುತ್ತೆ. ಇವರಿಗೆ ಅದು ಗೊತ್ತಾಗೋದು ಹೇಗೆ? ಬೆಂಕಿ ಅಲಾರಂ ಹೊಡೆದ್ರೆ?"

"ನಾನು ಹೇಳ್ತೀನಿ ಸಾರ್. ಪಕ್ಕದಲ್ಲೇ ಇರ್ತೀನಿ."

"ನೀವು ರಜಾ ಹಾಕಿದ ದಿನ?"

ನಾನು ಸವಿಯ ಕಡೆ ನೋಡಿದೆ. ಸತೀಶ್ ಸಾರ್ ಮುಖದಲ್ಲಿ ಆ ಪಾಪ ಅನ್ನುವ ನಗು ಇರಲಿಲ್ಲ. ಇವರ ಕೆಲಸ ಚೆನ್ನಾಗಿದೆ, ಆದರೆ ಇವರಿಗೆ ಏನಾದರೂ ಆದರೆ ನಾನು ಮನೆಗೆ ಹೋಗಿ ಹೇಗೆ ಊಟ ಮಾಡಲಿ ಅಂತ ಅಷ್ಟೇ ಹೇಳಿದರು. ಮಧ್ಯಾಹ್ನ ಹೆಸರುಗಳನ್ನು ಓದಿದರು. ತಂತಿ ಜೋಡಿಸುವ ವಿಭಾಗಕ್ಕೆ ನನ್ನ ಹೆಸರು ಬಂತು. ಸವಿಯ ಹೆಸರು ಬರಲಿಲ್ಲ.

ನಾನು ಜೊತೆಗೆ ಹೋದವಳು. ಆ ಕೆಲಸಕ್ಕೆ ಓದಿದವಳು ಅವಳು. ಬಸ್ಸಿನಲ್ಲಿ ಸತೀಶ್ ಸಾರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಕೈಯಲ್ಲಿ ಹೇಳಿದೆ. ರಜಾ ಹಾಕಿದ ದಿನದ ಮಾತು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಹೆಬ್ಬಗೋಡಿ ಬರುವವರೆಗೂ ತೆರೆಯಲಿಲ್ಲ. ನಾನು ಕೆಲಸಕ್ಕೆ ಹೋಗುವುದಿಲ್ಲ ಅಂತ ಅವ್ವನಿಗೆ ಹೇಳಿದೆ. ಅವ್ವ, ಒಬ್ಬಳಿಗೆ ಅನ್ನ ಸಿಕ್ಕಾಗ ಇನ್ನೊಬ್ಬಳು ಉಪವಾಸ ಬಿದ್ದರೆ ಇಬ್ಬರಿಗೂ ಹೊಟ್ಟೆ ತುಂಬುತ್ತದೇನು ಎಂದು ಗದರಿದಳು. ಸೇರುವ ದಿನ ಬೆಳಿಗ್ಗೆ ನೋಡಿದರೆ ಸವಿ ನನ್ನ ಬುತ್ತಿ ಕಟ್ಟಿಟ್ಟಿದ್ದಳು. ಆದರೆ ನನ್ನ ಕಡೆ ನೋಡಲಿಲ್ಲ.

ಕಾರ್ಖಾನೆ ಅಂದರೆ ನಾನು ಸಿನಿಮಾದ ಹಾಗೆ ಕೈಕಾಲು ಮುಖ ಇರುವ ರೋಬೋಗಳನ್ನು ಅಂದುಕೊಂಡಿದ್ದೆ. ಅಲ್ಲಿದ್ದದ್ದು ಬರೀ ತೋಳುಗಳು. ಭುಜ, ಮೊಣಕೈ, ಮಣಿಕಟ್ಟು, ಅಷ್ಟೇ. ಆಳಿಗಿಂತ ಎತ್ತರದ ತೋಳುಗಳು ಸಾಲಾಗಿ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿದ್ದವು. ಅವುಗಳ ಒಳಗೆ ನರಗಳ ಹಾಗೆ ಹಾದುಹೋಗುವ ತಂತಿಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಲೋಹದ ಟೋಪಿ ಹಾಕಿ, ಹಲಗೆಯ ಮೇಲೆ ನಕ್ಷೆಯ ಪ್ರಕಾರ ಕಟ್ಟುವುದು ನಮ್ಮ ಕೆಲಸ. ಜೋಡಣೆ ಆದ ತೋಳುಗಳನ್ನು ಶೆಡ್ಡಿನ ಇನ್ನೊಂದು ತುದಿಯಲ್ಲಿ, ನೆಲಕ್ಕೆ ಹಳದಿ ಗೆರೆ ಎಳೆದ ಜಾಗದಲ್ಲಿ, ಭಾರ ಹಿಡಿಸಿ ದಿನವೆಲ್ಲ ಆಡಿಸಿ ಪರೀಕ್ಷೆ ಮಾಡುತ್ತಿದ್ದರು. ಅಲ್ಲಿ ಗಾಳಿಯ ಕಂಪ್ರೆಸರಿನ ಗದ್ದಲಕ್ಕೆ ಎಲ್ಲರೂ ಕಿವಿಗೆ ಸ್ಪಂಜಿನ ಬಿರಡೆ ಇಟ್ಟುಕೊಂಡಿರುತ್ತಿದ್ದರು.

ಪರೀಕ್ಷೆ ವಿಭಾಗದ ನಾಗರಾಜ ಕೋಲಾರದ ಕಡೆಯವನು, ನನಗಿಂತ ಸ್ವಲ್ಪ ಚಿಕ್ಕವನು. ಮೊದಲು ಎರಕದ ಕಾರ್ಖಾನೆಯಲ್ಲಿ ಕೆಂಪಗೆ ಕಾದ ಅಚ್ಚುಗಳನ್ನು ಎತ್ತುತ್ತಿದ್ದನಂತೆ. ಅವನ ಮುಂಗೈಯಲ್ಲಿ ಸುಟ್ಟ ಕಲೆಗಳಿದ್ದವು. ನಾವು ಮಾಡುವ ಈ ತೋಳು ಎಲ್ಲೋ ಒಬ್ಬರ ಕೆಲಸ ಕಸಿಯುತ್ತದೆ ಅಲ್ಲವೇ ಎಂದು ಚಹಾದ ಹೊತ್ತಿನಲ್ಲಿ ಒಮ್ಮೆ ಕೇಳಿದೆ. ಅವನು ಮುಂಗೈ ತೋರಿಸಿ, ಆ ಕೆಲಸ ಕಸ್ಕೊಂಡ್ರೆ ಕಸ್ಕೊಳ್ಳಲಿ ಅಕ್ಕ, ಅದನ್ನ ಮನುಷ್ಯರು ಮಾಡಬಾರದು ಅಂದ. ಎಲ್ಲ ಕೆಲಸಕ್ಕೂ ಆ ಮಾತು ಹೊಂದುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಮಟ್ಟಿಗೆ ಅದು ನಿಜವಾಗಿತ್ತು.

ನನ್ನ ಕಷ್ಟ ಬೇರೆ. ಹೊಲಿಗೆಯ ಕೈಗೆ ತಂತಿ ಕಟ್ಟುವುದು ಬೇಗ ಬಂತು, ನಕ್ಷೆ ಬರಲಿಲ್ಲ. ಅದರ ಗೆರೆಗಳು, ಗುರುತುಗಳು ನನಗೆ ಇರುವೆಗಳ ಸಾಲಿನ ಹಾಗೆ ಕಾಣುತ್ತಿದ್ದವು. ತರಬೇತಿ ಮುಗಿಯುವುದರೊಳಗೆ ಕಲಿಯದಿದ್ದರೆ ಮನೆಗೆ ಕಳಿಸುತ್ತಾರೆ ಎಂದು ಹೆದರಿಕೆಯಾಗಿತ್ತು. ಒಂದು ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ನೆನಪಿನಿಂದ ನಕ್ಷೆಯೊಂದನ್ನು ಬರೆದು ತಲೆ ಹಿಡಿದು ಕೂತಿದ್ದೆ. ಸವಿ ಬಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅಷ್ಟು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ಇದು ತಪ್ಪು ಅಂತ ಕೈಯಾಡಿಸಿದಳು. ತನ್ನ ಐಟಿಐ ಪುಸ್ತಕಗಳನ್ನು ಮಂಚದ ಕೆಳಗಿನಿಂದ ಎಳೆದು ತಂದಳು. ಅಂದಿನಿಂದ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಪಾಠ. ನಾನು ಅಲ್ಲಿ ಕಂಡದ್ದನ್ನು ಹೇಳಬೇಕು, ಅದು ಏಕೆ ಹಾಗೆ ಎಂದು ಅವಳು ವಿವರಿಸಬೇಕು. ಮೊಣಕೈ ಮಡಚಿ ಮಣಿಕಟ್ಟು ತಿರುಗಿಸಿದರೆ ರೋಬೋ ಎಂಬ ಹೊಸ ಸನ್ನೆ ನಮ್ಮ ಮನೆಗೆ ಬಂತು. ಅವ್ವನೂ ರೊಟ್ಟಿ ತಟ್ಟುತ್ತಾ ಅದನ್ನು ಮಾಡುವುದು ಕಲಿತಳು. ನನ್ನ ತರಬೇತಿ ಮುಗಿಯಿತು, ಕೆಲಸ ಉಳಿಯಿತು. ಆದರೆ ಅವಳು ಪಾಠ ಮುಗಿಸಿ ಪುಸ್ತಕಗಳನ್ನು ಮಂಚದ ಕೆಳಗೇ ತಳ್ಳುತ್ತಿದ್ದಳು. ಬೆಳಿಗ್ಗೆ ಎದ್ದರೆ ಅವಳು ಮತ್ತೆ ಊದುಬತ್ತಿ ಕಟ್ಟಲು ಹೋಗಬೇಕಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ಪರೀಕ್ಷೆಯ ವಿಭಾಗವನ್ನು ಎರಡನೇ ಶೆಡ್ಡಿಗೆ ಸಾಗಿಸಿದರು. ಸುತ್ತಲಿನ ಬೇಲಿಯ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆರ್ಡರುಗಳ ಅವಸರವಿತ್ತು. ಒಂದು ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂಥ ಮಳೆ. ಹೊಸ ತಗಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ ಎದುರಿಗೆ ನಿಂತವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ನಾನು ಕಟ್ಟಿದ ತಂತಿಗಳ ಟ್ರೇ ಕೊಡಲು ಅಲ್ಲಿಗೆ ಹೋಗಿದ್ದೆ. ಉರುಳಿಹೋದ ಒಂದು ಬೋಲ್ಟನ್ನು ಎತ್ತಿಕೊಳ್ಳಲು ನಾಗರಾಜ ಹಳದಿ ಗೆರೆಯ ಒಳಗೆ ಕಾಲಿಟ್ಟು ಬಗ್ಗಿದ. ತೋಳು ಅವನ ಬೆನ್ನ ಹಿಂದೆ ತಿರುಗತೊಡಗಿತು. ಅವಸರವೇ ಇಲ್ಲದ ಹಾಗೆ ನಿಧಾನವಾಗಿ ಬಂದು ಅವನ ಭುಜವನ್ನು ಪಕ್ಕದಲ್ಲಿದ್ದ ಟ್ರಾಲಿಗೆ ಒತ್ತಿತು. ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಯಾರೋ ಓಡಿ ಹೋಗಿ ಕೆಂಪು ಗುಂಡಿ ಒತ್ತಿದರು. ಎಲ್ಲವೂ ನಿಂತಿತು. ಮಳೆಯೊಂದು ಮಾತ್ರ ಸುರಿಯುತ್ತಲೇ ಇತ್ತು.

ಅವನ ಕಾಲರ್ ಬೋನ್ ಮುರಿದಿತ್ತು. ಜೀವಕ್ಕೇನೂ ಆಗಲಿಲ್ಲ. ಆದರೆ ಅಂದಿನಿಂದ ಪರೀಕ್ಷೆ ನಿಂತಿತು, ಹೊಸಬರನ್ನು ಸೇರಿಸಿಕೊಳ್ಳುವುದೂ ನಿಂತಿತು. ಎರಡನೇ ಶೆಡ್ಡನ್ನು ಹಾಗೇ ಬೀಗ ಹಾಕಿ ಬಿಡುತ್ತಾರಂತೆ, ಈ ವರ್ಷ ಸೇರಿದವರನ್ನೆಲ್ಲ ಕಳಿಸುತ್ತಾರಂತೆ ಎಂದು ಕ್ಯಾಂಟೀನಿನಲ್ಲಿ ದಿನಕ್ಕೊಂದು ಮಾತು. ಗಾರ್ಮೆಂಟ್ಸಿನಿಂದ ಬಂದ ನಾವು, ಲಾರಿ ಬಂದರೆ ಸಾಕು ಕಿಟಕಿಯಿಂದ ನೋಡುತ್ತಿದ್ದೆವು. ನಡೆದದ್ದನ್ನು ಅದೇ ಸಂಜೆ ಮನೆಯಲ್ಲಿ ಹೇಳಿದ್ದೆ. ಸವಿ, ಅವನಿಗೆ ತುಂಬಾ ನೋವಿದೆಯಾ ಎಂದು ಮಾತ್ರ ಕೇಳಿದಳು.

ಭಾನುವಾರ ಇಬ್ಬರೂ ಬಾಳೆಹಣ್ಣು ತೆಗೆದುಕೊಂಡು ಚಂದಾಪುರದಲ್ಲಿದ್ದ ಅವನ ಮನೆಗೆ ಹೋದೆವು. ಅಲ್ಲಿ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸತೀಶ್ ಸಾರ್ ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ. ನಮ್ಮನ್ನು ಕಂಡು ಎದ್ದು ಜಾಗ ಕೊಟ್ಟರು. ನಾಗರಾಜ ಎಂದಿನ ಹಾಗೆ ನಗಲು ನೋಡಿದ, ನೋವಾಯಿತು.

"ತಪ್ಪು ನಂದೂ ಇದೆ ಅಕ್ಕ, ಗೆರೆ ದಾಟ್ಬಿಟ್ಟೆ. ಆದ್ರೆ ದೇವ್ರಾಣೆಗೂ ಸೈರನ್ ಕೇಳಿಸ್ಲಿಲ್ಲ. ಮಳೆ, ಅದ್ರ ಮೇಲೆ ಕಿವೀಲಿ ಆ ಸ್ಪಂಜು ಬೇರೆ."

ಅವನು ಹೇಳಿದ್ದನ್ನು ನಾನು ಸವಿಗೆ ಕೈಯಲ್ಲಿ ತಿಳಿಸಿದೆ. ಸತೀಶ್ ಸಾರ್ ನನ್ನ ಕೈಗಳನ್ನೇ ನೋಡುತ್ತಿದ್ದರು. ಆಮೇಲೆ ಸವಿಯನ್ನು ನೋಡಿದರು. ನಾಗರಾಜನ ಹೆಂಡತಿ ಕೊಟ್ಟ ಕಾಫಿ ಕುಡಿದು ಹೊರಟುಹೋದರು.

ಮರುದಿನದಿಂದಲೇ ಎರಡನೇ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾಯಿತು. ಬೇಲಿ ಪೂರ್ತಿಯಾಯಿತು. ಬಾಗಿಲು ತೆಗೆದರೆ ತೋಳು ತಾನಾಗಿ ನಿಲ್ಲುವ ಹಾಗೆ ಮಾಡಿದರು. ಪ್ರತಿ ತೋಳಿನ ನೆತ್ತಿಯ ಮೇಲೂ, ಮೂಲೆಮೂಲೆಗಳಲ್ಲೂ ದೊಡ್ಡ ದೀಪಗಳು ಬಂದವು. ತೋಳು ಆಡುವ ಮೊದಲು ಶೆಡ್ಡೆಲ್ಲ ಮಿಂಚಿದ ಹಾಗೆ ಅವು ಮಿನುಗುತ್ತಿದ್ದವು. ಒಳಗೆ ಹೋಗುವವರ ಮಣಿಕಟ್ಟಿಗೆ ವಾಚಿನಂಥ ಪಟ್ಟಿ ಕೊಟ್ಟರು. ಅಲಾರಂ ಹೊಡೆದರೆ ಅದು ಗುಂಯ್ ಎಂದು ಅದುರುತ್ತದೆ. ಬೀಗ ಹಾಕುವ ಮಾತು ಕ್ಯಾಂಟೀನಿನಲ್ಲಿ ತಣ್ಣಗಾಯಿತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಗೇಟಿನ ಮುಂದೆ ಮತ್ತೆ ಸಾಲು ಕಾಣಿಸಿತು. ಒಂದು ದಿನ ಸತೀಶ್ ಸಾರ್ ನನ್ನ ಬೆಂಚಿನ ಹತ್ತಿರ ಬಂದು ನಿಂತರು.

"ಗಿರಿಜಾ, ನಿಮ್ಮ ತಂಗಿ ಬೇರೆ ಎಲ್ಲಾದ್ರೂ ಸೇರ್ಕೊಂಡ್ರಾ?"

ಈ ಮಾತಿಗಾಗಿ ನಾನು ಮಳೆಗಾಲವೆಲ್ಲ ಕಾದಿದ್ದೆ. ಈಗ ಅದು ಬಂದಾಗ ಕುಣಿಯಬೇಕಿತ್ತು. ಆದರೆ ಆ ತೋಳು ನಾಗರಾಜನ ಬೆನ್ನ ಹಿಂದೆ ತಿರುಗಿದ ರೀತಿ ಕಣ್ಣ ಮುಂದೆ ಬಂತು. ಇಲ್ಲ ಸಾರ್, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ. ಸವಿ ಸುದ್ದಿ ತಿಳಿದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವ್ವ ಮಾತ್ರ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಕಿವಿ ಕೇಳೋರಿಗೇ ಹಿಂಗಾಗೈತಿ. ನನ್ನ ಕೂಸಿನ್ನ ನಾ ಅಲ್ಲಿಗೆ ಕಳ್ಸಂಗಿಲ್ಲ. ಊದಿನಕಡ್ಡಿ ಕಟ್ಟಕೊಂಡು ಕಣ್ಮುಂದ ಇದ್ರ ಸಾಕು."

ಸವಿ ವಾದ ಮಾಡಿದಳು, ಅತ್ತಳು, ಕೊನೆಗೆ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಇಬ್ಬರ ನಡುವೆ. ಅವ್ವನ ಹೆದರಿಕೆ ನನ್ನದೂ ಆಗಿತ್ತು, ಹಾಗಾಗಿ ಗಟ್ಟಿಯಾಗಿ ಎದುರಾಡಲು ಬಾಯಿ ಬರಲಿಲ್ಲ. ಆಯುಧಪೂಜೆಗೆ ಮನೆಯವರನ್ನೂ ಕರೆತರಬಹುದೆಂದು ಕಾರ್ಖಾನೆಯಲ್ಲಿ ಹೇಳಿದ್ದರು. ಬರೀ ನೋಡಿಕೊಂಡು ಬಾ ಅವ್ವ, ಆಮೇಲೆ ಬೇಡ ಅನ್ನು ಎಂದು ಬೇಡಿಕೊಂಡೆ. ಮುನಿಯಮ್ಮನೂ ಸೇರಿಕೊಂಡು, ದೇವ್ರ ಕಾರ್ಯಕ್ಕೆ ಇಲ್ಲ ಅನ್ನಬಾರ್ದು ಅಂದರು. ಅವ್ವ ಇಳಕಲ್ ಸೀರೆ ಉಟ್ಟು ಹೊರಟಳು.

ಅಂದು ಎರಡನೇ ಶೆಡ್ಡು ಮದುವೆ ಮನೆಯ ಹಾಗಿತ್ತು. ಬೇಲಿಗೆ ಬಾಳೆಕಂದು, ಮಾವಿನ ತೋರಣ. ಪ್ರತಿ ತೋಳಿನ ಕೊರಳಿಗೂ ಚೆಂಡುಹೂವಿನ ಹಾರ, ಮೈಮೇಲೆ ವಿಭೂತಿ, ಕುಂಕುಮ. ಫೋರ್ಕ್‌ಲಿಫ್ಟಿನ ಗಾಲಿಗಳ ಕೆಳಗೆ ನಿಂಬೆಹಣ್ಣು. ಪುರೋಹಿತರು ಆರತಿ ಹಿಡಿದು, ಇದರ ಮುಖ ಯಾವ ಕಡೆ ಎಂದು ಕೇಳಿದರು. ಇಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗರಾಜನಿಗೆ ಪೆಟ್ಟಾದ ಸುದ್ದಿ ಕೇಳಿದ ಮೇಲೆ ಅವ್ವ ಮೊದಲ ಸಲ ನಕ್ಕಳು. ಬೂದುಗುಂಬಳ ಒಡೆದು ಪುರಿ, ಕಡಲೆ, ಸಿಹಿ ಹಂಚಿದ ಮೇಲೆ ಸತೀಶ್ ಸಾರ್ ನಮ್ಮ ಹತ್ತಿರ ಬಂದು ಅವ್ವನಿಗೆ ಕೈಮುಗಿದರು. ನೋಡಬೇಕು ಅಂದವರಿಗೆಲ್ಲ ತೋಳು ಆಡಿಸಿ ತೋರಿಸುತ್ತಿದ್ದರು. ಒಳಗೆ ಕಿವಿಗೆ ಇಟ್ಟುಕೊಳ್ಳಿ ಎಂದು ನಮಗೂ ಸ್ಪಂಜಿನ ಬಿರಡೆಗಳನ್ನು ಕೊಟ್ಟರು.

"ಇಲ್ಲಿ ಒಳಗೆ ಬಂದ ಮೇಲೆ ಯಾರಿಗೂ ಕಿವಿ ಕೇಳಲ್ಲಮ್ಮ. ನಂಗೂ ಕೇಳಲ್ಲ. ಅದು ನಂಗೆ ತಡವಾಗಿ ಗೊತ್ತಾಯ್ತು."

ಅವ್ವ ಬಿರಡೆ ಇಟ್ಟುಕೊಂಡಳು. ಕಂಪ್ರೆಸರ್ ಹಾಕಿದರು. ಅವ್ವನ ಮುಖ ಬದಲಾಗುವುದನ್ನು ನಾನು ನೋಡಿದೆ. ಅವಳು ನನ್ನ ಕಡೆ ತಿರುಗಿ ಏನೋ ಅಂದಳು, ನನಗೆ ಕೇಳಲಿಲ್ಲ. ನಾನು ಅಂದದ್ದು ಅವಳಿಗೆ ಕೇಳಲಿಲ್ಲ. ಸುತ್ತ ಜನರ ಬಾಯಿಗಳು ಆಡುತ್ತಿದ್ದವು. ಅವ್ವ ಒಮ್ಮೆ ಕಿವಿ ಮುಟ್ಟಿಕೊಂಡು, ಬಹಳ ಹೊತ್ತು ಸವಿಯನ್ನೇ ನೋಡಿದಳು. ಮಗಳು ಇಷ್ಟು ವರ್ಷ ಯಾವ ಊರಿನಲ್ಲಿದ್ದಳೋ ಆ ಊರಿಗೆ ಅವಳು ಮೊದಲ ಸಲ ಬಂದಿದ್ದಳು.

ಹಾಗೆ ನೋಡುತ್ತಾ ಅವ್ವ ಹಳದಿ ಗೆರೆಯ ಮೇಲೆ ನಿಂತುಬಿಟ್ಟಿದ್ದಳು. ನಡುವೆ ಬೇಲಿಯಿತ್ತು, ಅಪಾಯವೇನೂ ಇರಲಿಲ್ಲ. ದೀಪಗಳು ಮಿನುಗಿದವು. ನಾನು ದೀಪ ನೋಡಿ ಅದೇನೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಸವಿ ಅವ್ವನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದ್ದಳು. ಮೇಲಿನ ದೀಪ ತೋರಿಸಿ, ಕೆಳಗಿನ ಗೆರೆ ತೋರಿಸಿ, ಇಲ್ಲೇ ನಿಲ್ಲು ಅಂತ ಕೈಯಲ್ಲಿ ಹೇಳಿದಳು. ಚಿಕ್ಕ ಮಕ್ಕಳಿಗೆ ರಸ್ತೆ ದಾಟುವುದನ್ನು ಹೇಳಿಕೊಡುವ ಹಾಗೆ. ಹೂವಿನ ಹಾರ ಹಾಕಿಕೊಂಡ ಆ ತೋಳು ಒಂದು ಕಬ್ಬಿಣದ ಪೆಟ್ಟಿಗೆಯನ್ನು ಎತ್ತಿ, ಸುತ್ತು ತಿರುಗಿ, ಸದ್ದಿಲ್ಲದೆ ಇಳಿಸಿತು. ಚೆಂಡುಹೂವಿನ ಎಸಳುಗಳು ನೆಲದ ಮೇಲೆಲ್ಲ ಉದುರಿದವು.

ಮನೆಗೆ ಬಂದು ಅವ್ವ ಸೀರೆ ಮಡಚಿಟ್ಟು, ನೀರು ಕುಡಿದು, ಹೊಸ್ತಿಲಲ್ಲಿ ಕೂತಳು. ಆಮೇಲೆ ನನ್ನ ಕಡೆ ನೋಡದೆ, ಹೋಗ್ಲಿ ಬಿಡು, ಹುಷಾರಿ ಅದಾಳ ಅಂದಳು. ಅದನ್ನು ಸವಿಗೆ ನಾನು ಹೇಳಬೇಕಾಗಲಿಲ್ಲ. ಅವ್ವನೇ ಮಣಿಕಟ್ಟು ತಿರುಗಿಸಿ, ಬೆರಳುಗಳನ್ನು ಬಾಗಿಲ ಕಡೆ ನಡೆಸಿ ತೋರಿಸಿದಳು.

ದೀಪಾವಳಿಗೆ ಮೊದಲು ಸವಿ ಪರೀಕ್ಷೆಯ ವಿಭಾಗಕ್ಕೆ ಸೇರಿದಳು. ನಿಮ್ಮ ಶಾಲೆಯ ಗೆಳತಿಯರು ಇದ್ದರೆ ಹೇಳಿ ಎಂದು ವಿದ್ಯಾ ಮೇಡಂ ಅವಳಿಗೇ ಬರೆದು ಕೇಳಿದರಂತೆ, ಇನ್ನಿಬ್ಬರು ಬಂದರು. ಮೊದಲ ದಿನ ನಾನು ಅವಳ ಜೊತೆ ಎರಡನೇ ಶೆಡ್ಡಿನ ಬಾಗಿಲವರೆಗೂ ಹೋದೆ. ಒಳಗೂ ಬಂದು ಎಲ್ಲರಿಗೂ ಅವಳ ವಿಷಯ ಹೇಳಿಬರಬೇಕೆಂದಿದ್ದೆ. ಅವಳು ಬಾಗಿಲಲ್ಲಿ ನಿಂತು, ಬೇಡ, ನಿನ್ನ ಕೆಲಸಕ್ಕೆ ಹೋಗು ಅಂದಳು. ಸಿಟ್ಟಿನಿಂದಲ್ಲ. ಆ ಬೆಳಿಗ್ಗೆ ನಾನು ಕಟ್ಟಿದ ತಂತಿಗಳನ್ನು ಮತ್ತೆ ಬಿಚ್ಚಿ ಕಟ್ಟಬೇಕಾಯಿತು. ಊಟದ ಗಂಟೆ ಹೊಡೆದ ಕೂಡಲೇ ಕ್ಯಾಂಟೀನಿಗೆ ಓಡಿದೆ. ಅವಳು ಆಗಲೇ ಅಲ್ಲಿದ್ದಳು. ಎದುರಿಗೆ ಆ ವಾರವಷ್ಟೇ ಕೆಲಸಕ್ಕೆ ಮರಳಿದ್ದ ನಾಗರಾಜ, ಪಕ್ಕದಲ್ಲಿ ಇನ್ನೂ ಯಾರ್ಯಾರೋ. ಅನ್ನ, ಸಾರು, ಸಾಕು ಎನ್ನುವ ಸನ್ನೆಗಳನ್ನು ಅವನಿಗೆ ಹೇಳಿಕೊಡುತ್ತಿದ್ದಳು, ಅವನು ತಪ್ಪು ಮಾಡಿದಾಗಲೆಲ್ಲ ಮೇಜೆಲ್ಲ ನಗುತ್ತಿತ್ತು. ನನ್ನನ್ನು ಕಂಡು ಕೈ ಬೀಸಿದಳು, ಎದ್ದು ಬರಲಿಲ್ಲ. ನಾನು ಬೇರೆ ಮೇಜಿನಲ್ಲಿ ಕೂತು ಹೊಟ್ಟೆ ತುಂಬಾ ಉಂಡೆ.

ಚಳಿಗಾಲದಲ್ಲಿ ನನಗೆ ಜ್ವರ ಬಂದು ಎರಡು ದಿನ ಮಲಗಿದೆ. ಸವಿ ಒಬ್ಬಳೇ ಕಂಪನಿ ಬಸ್ಸು ಹತ್ತಿದಳು, ಒಬ್ಬಳೇ ಬಂದಳು, ಬರುವಾಗ ಮೆಡಿಕಲ್ಸಿನಲ್ಲಿ ಚೀಟಿ ತೋರಿಸಿ ನನಗೆ ಮಾತ್ರೆ ತಂದಳು. ಶಿವರಾತ್ರಿಯ ಆಸುಪಾಸಿನಲ್ಲಿ ಅವಳ ಕೆಲಸ ಕಾಯಂ ಆಯಿತು. ಅಂದು ಸಂಜೆ ಎಂದಿನಂತೆ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ರಸ್ತೆಯ ತುಂಬ ಲಾರಿಗಳು ಒಂದಕ್ಕೊಂದು ಮೂಗು ಹಚ್ಚಿ ನಿಂತಿದ್ದವು, ಬಸ್ಸು ಆಮೆಯ ಹಾಗೆ ತೆವಳುತ್ತಿತ್ತು. ಅವಳ ಜೊತೆ ಇರುವಾಗ ನಾನು ಯಾವತ್ತೂ ಬಸ್ಸಿನಲ್ಲಿ ಕಣ್ಣು ಮುಚ್ಚಿದವಳಲ್ಲ. ಯಾರು ಏನು ಕೇಳುತ್ತಾರೋ, ಯಾವ ಸ್ಟಾಪ್ ಕೂಗುತ್ತಾರೋ ಎಂದು ಎಚ್ಚರವಾಗಿಯೇ ಇರುತ್ತಿದ್ದೆ. ಅಂದು ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಹೆಬ್ಬಗೋಡಿ ಬಂದಾಗ ಅವಳು ನನ್ನ ಭುಜ ಅಲುಗಿಸಿ ಎಬ್ಬಿಸಿ, ನನ್ನ ಬುತ್ತಿಯ ಚೀಲವನ್ನೂ ತಾನೇ ಹಿಡಿದುಕೊಂಡು ಮುಂದೆ ಇಳಿದಳು.